ಹದಿಮೂರು ದಬ್ಬಣ

ಯಮನಮ್ಮನಷ್ಟು ನೇರವಾಗಿ ಚೀಲ ಹೊಲಿಯುವವರನ್ನು ಕಲಬುರಗಿಯ ಗೂಡ್ಸ್ ಶೆಡ್ಡಿನಲ್ಲಿ ನಾನು ಇನ್ನೊಬ್ಬರನ್ನು ಕಂಡಿಲ್ಲ. ನಾನು ಜಗದೇವಪ್ಪ, ಬೇಳೆ ವ್ಯಾಪಾರಿಯೊಬ್ಬರ ಮುನೀಮ. ನಮ್ಮ ಸಾಹುಕಾರರ ತೊಗರಿಬೇಳೆ ರೈಲಿಗೆ ಏರುವ ದಿನ ಶೆಡ್ಡಿನ ಕಂಬದ ಪಕ್ಕ ಕಬ್ಬಿಣದ ಕುರ್ಚಿ ಹಾಕಿಕೊಂಡು, ವ್ಯಾಗನ್ನಿನೊಳಗೆ ಹೋದ ಚೀಲಗಳಿಗೆ ಗೀಟು ಹಾಕುತ್ತ ಕೂಡುವುದು ನನ್ನ ಕೆಲಸ. ಇಪ್ಪತ್ತೆರಡು ವರ್ಷ ಇದನ್ನೇ ಮಾಡಿದ್ದೇನೆ. ಕೂತು ಮಾಡುವ ಕೆಲಸವಾದ್ದರಿಂದ ನಿಂತು ಬಗ್ಗಿ ದುಡಿಯುವವರನ್ನು ನೋಡಲು ನನಗೆ ಬೇಕಾದಷ್ಟು ಪುರುಸೊತ್ತು ಸಿಕ್ಕಿತು.

ಹಮಾಲರು ಚೀಲಕ್ಕೆ ಕೊಕ್ಕೆ ಹಾಕಿ ಎಳೆದು ಬೆನ್ನಿಗೇರಿಸುತ್ತಾರೆ. ಕೊಕ್ಕೆ ಬಿದ್ದಲ್ಲಿ ಚೀಲ ಹರಿಯುತ್ತದೆ. ಹರಿದದ್ದನ್ನು ಅಲ್ಲೇ ಹೊಲಿದು ಒಳಗೆ ಕಳಿಸಬೇಕು, ಇಲ್ಲದಿದ್ದರೆ ಮಾಲು ಇಳಿಯುವ ಊರಿನಲ್ಲಿ ಅರ್ಧ ಚೀಲ ಇಳಿಯುತ್ತದೆ. ಈ ಹೊಲಿಗೆ ಹೆಂಗಸರ ಪಾಲಿನ ಕೆಲಸ. ಗೇಣುದ್ದದ ದಬ್ಬಣ, ಸೊಂಟದಲ್ಲಿ ಒಂದು ಉಂಡೆ ಸುತಳಿ, ಅಷ್ಟೇ ಸಾಮಾನು. ಯಮನಮ್ಮ, ಅವಳ ಪಕ್ಕ ಮೋಮಿನಪುರದ ಅಮೀನಾ, ಇಬ್ಬರೂ ಪ್ಲಾಟ್‌ಫಾರಂ ಮೇಲೆ ಕಾಲು ಚಾಚಿ ಕೂತರೆಂದರೆ ಲೋಡಿಂಗ್ ಮುಗಿಯುವವರೆಗೆ ಏಳುತ್ತಿರಲಿಲ್ಲ. ಅಮೀನಾ ಬಾಯಿಗೆ ಬಿಡುವು ಕೊಡುತ್ತಿರಲಿಲ್ಲ, ಯಮನಮ್ಮ ಕೈಗೆ.

ಯಮನಮ್ಮ ಕಮಲಾಪುರದವಳು. ಮದುವೆಯಾಗಿ ಕಲಬುರಗಿಗೆ ಬಂದಳು. ಗಂಡ ಇದೇ ಶೆಡ್ಡಿನ ಹಮಾಲ, ಕಾಮಾಲೆಯಾಗಿ ಹದಿನೈದು ದಿನದಲ್ಲಿ ಹೋದ. ಅದಾಗಿ ಇಪ್ಪತ್ತು ವರ್ಷ. ಅದೇ ವರ್ಷ ತವರಿನಲ್ಲಿ ತಾಯಿಯೂ ತೀರಿಕೊಂಡದ್ದರಿಂದ ತಮ್ಮ ಧರ್ಮರಾಜನನ್ನು ತನ್ನ ಒಂದು ಖೋಲಿಯ ಮನೆಗೆ ಕರೆತಂದು ಸಾಕಿದಳು, ಓದಿಸಿದಳು. ಅವನ ಊಟದ ಡಬ್ಬಿ ತುಂಬಿಟ್ಟು ತಾನು ಶೆಡ್ಡಿಗೆ ಬರಿಗೈಯಲ್ಲಿ ಬರುತ್ತಿದ್ದ ದಿನಗಳನ್ನು ನಾನೇ ನೋಡಿದ್ದೇನೆ. ಅಮೀನಾ ತನ್ನ ರೊಟ್ಟಿ ಮುರಿದು ಕೊಡುತ್ತಿದ್ದಳು. ನಾನು ಒಮ್ಮೊಮ್ಮೆ ಚಹಾ ಕೊಡಿಸುತ್ತಿದ್ದೆ. ಆ ಚಹಾಕ್ಕೇ ಇರಬೇಕು, ಶೆಡ್ಡಿನವರೆಲ್ಲ ನನ್ನನ್ನು ಮುನೀಮರ ಎಂದರೆ ಅವಳೊಬ್ಬಳು ಮಾತ್ರ ಅಣ್ಣಾರ ಎನ್ನುತ್ತಿದ್ದಳು. ಒಡಹುಟ್ಟಿದ ತಂಗಿಯಿಲ್ಲದ ನನಗೆ ಅದು ಬಹಳ ಹಿತವಾಗಿತ್ತು. ಸುಮ್ಮನೆ ಸಿಕ್ಕಿದ್ದನ್ನು ಜೋಪಾನ ಮಾಡುವ ಬುದ್ಧಿ ನನಗಿರಲಿಲ್ಲ, ಆ ಮಾತು ಬೇರೆ.

ಧರ್ಮರಾಜ ಬೆಳೆದು ಹಳಿ ಕೆಲಸಕ್ಕೆ ಆಳು ಕೊಡುವ ಗುತ್ತಿಗೆದಾರನಾದ. ಜಗತ್ ಸರ್ಕಲ್ಲಿನ ಹತ್ತಿರ ಒಂದು ಅಂಗಡಿಯ ಮೇಲೆ ಅವನ ಆಫೀಸು. ಅಕ್ಕನ ಮನೆಗೆ ಬರುವುದು ವರ್ಷಕ್ಕೊಮ್ಮೆ, ಅದೂ ಸ್ಕಾರ್ಪಿಯೋ ಬೀದಿಯ ತುದಿಯಲ್ಲಿ ನಿಲ್ಲಿಸಿ. ಆದರೂ ಯಮನಮ್ಮ, "ನನ್ನ ತಮ್ಮ ಹಾಕ್ಸಿದ ಹಳಿ ಮ್ಯಾಲ ರೈಲು ಓಡತಾವ್ರಿ ಅಣ್ಣಾರ" ಎಂದು ಎಲ್ಲರಿಗೂ ಕೇಳುವಂತೆ ಹೇಳುತ್ತಿದ್ದಳು. ನಾನು ತಲೆಯಾಡಿಸುತ್ತಿದ್ದೆ.

ಎರಡು ವರ್ಷದ ಹಿಂದೆ ಕಮಲಾಪುರದಲ್ಲಿ ಹೊಸ ಸೈಡಿಂಗ್ ಆಗುತ್ತದೆ ಎಂಬ ಸುದ್ದಿ ಬಂತು. ಬೀದರ ಕಡೆ ಹೋಗುವ ಹಳಿಯಿಂದ ಒಂದು ಕವಲು ಒಡೆದು, ಒಂದು ಖಾಸಗಿ ಕಂಪನಿಯ ಗೋದಾಮಿನವರೆಗೆ ಗೂಡ್ಸ್ ಗಾಡಿ ಹೋಗುವಂತೆ ಮಾಡುವುದು. ಕಂಪನಿಯ ಹೆಸರು ಇಲ್ಲಿ ಬೇಡ. ಆಳಿನ ಗುತ್ತಿಗೆ ಧರ್ಮರಾಜನಿಗೆ ಸಿಕ್ಕಿತು. ಆದರೆ ಕವಲು ಹಾಯುವ ಜಾಗದಲ್ಲಿ ಒಂದು ಕಾಲುದಾರಿಯಿತ್ತು. ಯಮನಮ್ಮನ ತವರಿನ ಓಣಿಯ ಹೆಂಗಸರು ಕೆಂಪು ಬಾಳೆಯ ತೋಟಗಳಿಗೆ ಕೂಲಿಗೆ ಹೋಗುವುದು ಅದೇ ದಾರಿಯಲ್ಲಿ, ಸೇದುವ ಬಾವಿಗೆ ಹೋಗುವುದೂ ಅದೇ ದಾರಿಯಲ್ಲಿ. ದಾರಿ ಹತ್ತು ನಿಮಿಷದ್ದು. ಬೇಲಿ ಬಿದ್ದರೆ ಕೆಳಸೇತುವೆ ಸುತ್ತಿ ಮೂರು ಕಿಲೋಮೀಟರ್. ಹದಿಮೂರು ಮನೆಯ ಹೆಂಗಸರು ಸೇರಿ, ದಾರಿ ಮುಚ್ಚಬಾರದು ಎಂದು ತಾಲ್ಲೂಕು ಕಚೇರಿಗೆ ಅರ್ಜಿ ಕೊಟ್ಟರು. ಅರ್ಜಿಯಲ್ಲಿ ಮೊದಲ ಸಹಿ ಅಮೃತಳದು. ಯಮನಮ್ಮನ ಜೊತೆ ಆಡಿ ಬೆಳೆದವಳು, ಮಾತು ಒರಟು, ಕೆಲಸ ಅಚ್ಚುಕಟ್ಟು. ಕಂಪನಿಯವರು ಧರ್ಮರಾಜನಿಗೆ ಹೇಳಿದರು: ಅರ್ಜಿ ವಾಪಸಾಗಲಿ, ಆಮೇಲೆ ಕೆಲಸ ಶುರು.

ಧರ್ಮರಾಜನಿಗೆ ಆಗ ಅಕ್ಕ ನೆನಪಾದಳು.

ಆ ವರ್ಷದ ಪಂಚಮಿಗೆ ಅವನೇ ಬಂದು ಅಕ್ಕನನ್ನು ಗಾಡಿಯಲ್ಲಿ ಕೂರಿಸಿಕೊಂಡು ತನ್ನ ಮನೆಗೆ ಕರೆದೊಯ್ದ. ಪಂಚಮಿಗೆ ತವರಿನ ಕರೆ ಬಂದರೆ ಯಾವ ಹೆಣ್ಣುಮಗಳಿಗೆ ಬೇಡ? ಮನೆಯಲ್ಲಿ ಅವನ ಹೆಂಡತಿ ರಾಜೇಶ್ರೀ ಮಣೆ ಹಾಕಿ ಕೂರಿಸಿ, ಯಮನಮ್ಮನ ಉಡಿ ತುಂಬಿದಳು. ಗಂಡ ಸತ್ತ ಹೆಣ್ಣಿಗೆ ಉಡಿ ತುಂಬುವ ಪದ್ಧತಿ ಅವರ ಮನೆತನದಲ್ಲಿಲ್ಲ. ಕುಂಕುಮ ಹೋದ ದಿನವೇ ಉಡಿಯೂ ಹೋಯಿತು ಎಂದು ಅವಳು ಹದಿನೆಂಟು ವರ್ಷ ಮದುವೆ ಮುಂಜಿವೆಗಳಲ್ಲಿ ಹಿಂದಿನ ಸಾಲಿನಲ್ಲೇ ನಿಂತವಳು. ಈಗ ಸೆರಗಿಗೆ ಐದು ಬೊಗಸೆ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಶಿಣದ ಬೇರು, ಮೇಲೊಂದು ಹಸಿರು ಖಣ.

ಮರುದಿನ ಶೆಡ್ಡಿಗೆ ಬಂದಾಗ ಅವಳ ಮುಖ ನೋಡಬೇಕಿತ್ತು.

"ಅಣ್ಣಾರ, ಹದಿನೆಂಟು ವರ್ಷ ಆದಮ್ಯಾಲ ನನ್ನ ಉಡಿಯಾಗ ಅಕ್ಕಿ ಬಿತ್ರಿ. ನನ್ನ ತಮ್ಮ ಯಾರಿಗೂ ಅಂಜಲಿಲ್ಲ ನೋಡ್ರಿ. ಜನ ಏನರೇ ಅನ್ಲಿ, ನನ್ನ ಅಕ್ಕಗ ಉಡಿ ತುಂಬೋದೇ ಅಂದ."

"ಬಂಗಾರದಂಥಾ ತಮ್ಮ" ಎಂದಳು ಅಮೀನಾ, ಕಣ್ಣು ಒರೆಸಿಕೊಂಡು. ಆ ಖುಷಿಗೆ ನಾನೇ ಮೂವರಿಗೂ ಚಹಾ ತರಿಸಿದೆ. ಈಗ ಅದನ್ನು ನೆನೆದರೆ ಮೈ ಉರಿಯುತ್ತದೆ.

ಉಡಿ ತುಂಬಿದ ಸೆರಗು ಹಿಡಿದುಕೊಂಡು ಅಕ್ಕ ಕೂತಿರುವಾಗಲೇ ಧರ್ಮರಾಜ ಮಾತು ತೆಗೆದಿದ್ದ. ಸೈಡಿಂಗ್ ಆದರೆ ಸಕ್ಕರೆ, ಬೇಳೆ, ಗೊಬ್ಬರ, ಸಿಮೆಂಟು ಎಲ್ಲ ಚೀಲದಲ್ಲೇ ಬರುತ್ತವೆ. ಹೊಲಿಯುವ ಕೆಲಸ, ಗುಡಿಸುವ ಕೆಲಸ ಓಣಿಯ ಹದಿಮೂರು ಮನೆಯವರಿಗೇ. ಅವರ ಮೇಲೆ ಅಕ್ಕನೇ ಮುಕಾದಮ. ಬಿಸಿಲಲ್ಲಿ ಬಾಳೆಗೊನೆ ಹೊರುವುದು ಬಿಟ್ಟು ನೆರಳಲ್ಲಿ ಕೂತು ಉಣ್ಣಬಹುದು. ಅದಕ್ಕೆ ಬದಲು ದಾರಿಯ ಅರ್ಜಿ ಹಿಂದಕ್ಕೆ ತೆಗೆದುಕೊಂಡರೆ ಸಾಕು.

ಯಮನಮ್ಮ ಕಮಲಾಪುರದ ಬಸ್ಸು ಹತ್ತಿದಳು. ಹದಿಮೂರು ಮನೆಗೂ ಹೋದಳು. ಹನ್ನೆರಡು ಮನೆಯವರು ಅವಳ ಮುಖ ನೋಡಿ ಒಪ್ಪಿದರು. ಅಮೃತ ಮಾತ್ರ, "ನಿನ್ನ ತಮ್ಮನ ಮಾತಿಗಿ ಜಾಮೀನ ಯಾರು?" ಎಂದು ಕೇಳಿದಳಂತೆ.

"ನಾ ಅದೀನಿ" ಎಂದಳಂತೆ ಯಮನಮ್ಮ.

ಅರ್ಜಿ ಹಿಂದಕ್ಕೆ ಪಡೆಯುವ ಕಾಗದ ಬರೆಯಲು ನನ್ನನ್ನೇ ಕರೆದರು. ನನ್ನ ಅಕ್ಷರ ದುಂಡಗಿದೆ ಎಂದು ಶೆಡ್ಡಿನಲ್ಲೆಲ್ಲ ಹೆಸರು. ಜಗತ್ ಸರ್ಕಲ್ಲಿನ ಆ ಆಫೀಸಿನಲ್ಲಿ ಟೇಬಲ್ಲಿಗೆ ಕೂತು, ಧರ್ಮರಾಜ ಹೇಳಿದಂತೆ ಬರೆದೆ. ದಾರಿ ಬಿಟ್ಟುಕೊಡಲು ನಮ್ಮ ತಕರಾರಿಲ್ಲ ಎಂಬಲ್ಲಿಗೆ ಕಾಗದ ಮುಗಿಯಿತು. ಕೆಲಸದ ಮಾತು ಬರಲೇ ಇಲ್ಲ.

"ಯಮನಮ್ಮಾ, ಕೆಲಸ ಕೊಡ್ತೀವಿ ಅನ್ನೋದೂ ಒಂದು ಸಾಲು ಬರೀಲೇನವಾ?" ಎಂದು ಕೇಳಿದೆ.

ಅವಳು ನಾಚಿಕೊಂಡಳು. "ಬ್ಯಾಡ್ರಿ ಅಣ್ಣಾರ. ಉಡಿ ತುಂಬಿಸ್ಕೊಂಡ ಮ್ಯಾಲ ತಮ್ಮಗ ಕಾಗದ ಕೇಳ್ತಾರೇನ್ರಿ? ಉಡಿಯಾಗಿನ ಅಕ್ಕಿ ಇನ್ನಾ ಮನ್ಯಾಗ ಅದ."

ಹೇಳಿ ಚಹಾ ತರಲು ಕೆಳಗಿಳಿದಳು. ಅವಳು ಆ ಒಂದು ಸಾಲು ಕೇಳದೆ ಹೋದದ್ದು ದಡ್ಡತನವೆಂದು ಈಗ ಹೇಳುವವರಿದ್ದಾರೆ. ಅಂಥವರ ತಂಗಿಯರು ಅವರ ಮನೆಗೆ ಪಂಚಮಿಗೆ ಬರುವಾಗ ವಕೀಲರನ್ನು ಕರೆದುಕೊಂಡು ಬರಲಿ.

ಟೇಬಲ್ಲಿನ ಮೇಲೆ ಸೈಡಿಂಗಿನ ನಕ್ಷೆ ಬಿಡಿಸಿಟ್ಟಿತ್ತು. ನನಗೆ ಇಂಗ್ಲಿಷು ಓದಲು ಬರುತ್ತದೆ. ಹಳಿಯ ಕೊನೆಯಲ್ಲಿ ಎರಡು ದೊಡ್ಡ ದುಂಡು ಗೋಪುರ, ಅವುಗಳ ಪಕ್ಕ ಬಿಡಿ ಸಿಮೆಂಟು ಎಂದು ಬರೆದಿತ್ತು. ಚೀಲ ಇಳಿಸಬೇಕಾದರೆ ವ್ಯಾಗನ್ನಿನ ಬಾಗಿಲ ಎತ್ತರಕ್ಕೆ ಕಟ್ಟೆ ಬೇಕು. ಅದು ನಕ್ಷೆಯಲ್ಲಿ ಎಲ್ಲೂ ಇರಲಿಲ್ಲ. ಇಪ್ಪತ್ತೆರಡು ವರ್ಷ ಶೆಡ್ಡಿನಲ್ಲಿ ಕೂತವನಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

"ಇದರಾಗ ಚೀಲ ಎಲ್ಲಿ ಅದಾವೋ ಧರ್ಮರಾಜ?" ಎಂದೆ.

ಅವನು ನಕ್ಷೆ ಮಡಚಿದ. "ಮುನೀಮರ, ಮುಂದಿನ ವರ್ಷ ಸಾಹುಕಾರರ ಕೆಲಸ ಬಿಡ್ತೀರಂತಲ್ಲ. ಸೈಡಿಂಗ್ ಗೇಟಿಗಿ ಒಬ್ಬ ಓದಿದ ಮನುಷ್ಯಾ ಬೇಕಾಗ್ಯಾನ. ಕುರ್ಚಿ, ಫ್ಯಾನು, ಎಲ್ಲಾ ಇರ್ತದ. ನಿಮ್ಮ ಹೆಸರು ಹೇಳ್ಲೇನು?"

ಅಷ್ಟರಲ್ಲಿ ಯಮನಮ್ಮ ಚಹಾ ತಂದಳು. ನನ್ನ ಮುಂದೆ ಲೋಟ ಇಟ್ಟು, "ಎಲ್ಲಾ ಸರಿ ಅದ ಏನ್ರಿ ಅಣ್ಣಾರ?" ಎಂದು ಕೇಳಿದಳು.

"ಸರಿ ಅದ" ಎಂದೆ. ಚಹಾ ಕುಡಿದೆ.

ಮನೆಗೆ ಹೋಗುವ ದಾರಿಯಲ್ಲಿ ನನಗೆ ನಾನೇ ಬಹಳ ಸಮಾಧಾನ ಹೇಳಿಕೊಂಡೆ. ಅಕ್ಕ ತಮ್ಮನ ನಡುವೆ ನಾನ್ಯಾರು? ನಕ್ಷೆ ಬದಲಾಗಲೂಬಹುದು. ಕೊನೆಗೆ ಹೇಗೋ ಅವಳಿಗೊಂದು ಕೆಲಸ ಕೊಟ್ಟೇ ಕೊಡುತ್ತಾನೆ. ಮನುಷ್ಯನಿಗೆ ಒಂದು ಫ್ಯಾನು ತೋರಿಸಿದರೆ ಎಷ್ಟೆಲ್ಲ ಹೊಳೆಯುತ್ತದೆ.

ಕೆಲಸ ಶುರುವಾಯಿತು. ಎರೆಮಣ್ಣು ತೆಗೆದು ಮೊರಮು ಹಾಕಿದರು, ಮೇಲೆ ಜಲ್ಲಿ, ಜಲ್ಲಿಯ ಮೇಲೆ ಸಿಮೆಂಟಿನ ಸ್ಲೀಪರು. ಒಂದೊಂದು ಹಳಿಯನ್ನು ಇಪ್ಪತ್ತು ಮೂವತ್ತು ಜನ ಇಕ್ಕಳದಲ್ಲಿ ಹಿಡಿದು ಒಂದೇ ಕೂಗಿಗೆ ಎತ್ತಿ ಇಟ್ಟರು. ಯಮನಮ್ಮ ಪ್ರತಿ ಭಾನುವಾರ ಕಮಲಾಪುರಕ್ಕೆ ಹೋದಳು. ಕಲಬುರಗಿಯ ಬಜಾರಿನಲ್ಲಿ ಹದಿಮೂರು ಹೊಸ ದಬ್ಬಣ ಕೊಂಡು ಮನೆಗೊಂದರಂತೆ ಹಂಚಿದ್ದಳು. ಅಮೃತಳ ಅಂಗಳದಲ್ಲಿ ಹಳೆಯ ಚೀಲ ಹರವಿಕೊಂಡು ಎಲ್ಲರಿಗೂ ಹೊಲಿಗೆ ಕಲಿಸಿದಳು. ಮೊದಲು ತಕರಾರು ಮಾಡಿದ ಅಮೃತಳೇ ಎಲ್ಲರಿಗಿಂತ ಬೇಗ ಕಲಿತಳು.

ಸೋಮವಾರ ಬಂದು ಅವಳು ಕಂಡದ್ದನ್ನೆಲ್ಲ ನನಗೆ ಒಪ್ಪಿಸುತ್ತಿದ್ದಳು. ಹಳಿಯ ಪಕ್ಕ ಒಂದು ಬೇವಿನ ಮರ ಉಳಿಸಿದ್ದಾರೆ, ಮಧ್ಯಾಹ್ನದ ಮೇಲೆ ಅಲ್ಲಿ ನೆರಳು ಬೀಳುತ್ತದೆ, ಹೊಲಿಯಲು ಅಲ್ಲೇ ಕೂಡುವುದು. ಬೇಲಿ ಈಗಲೇ ಹಾಕಿದ್ದಾರೆ, ಹೆಂಗಸರು ಸುತ್ತಿ ಹೋಗುತ್ತಿದ್ದಾರೆ, ಆದರೆ ಯಾರೂ ಗೊಣಗುತ್ತಿಲ್ಲ. ಒಂದು ಸೋಮವಾರ ಮಾತ್ರ ಸ್ವಲ್ಪ ಸಪ್ಪಗಿದ್ದಳು.

"ಅಣ್ಣಾರ, ಹಳಿ ಎಲ್ಲಾ ಮುಗೀತು. ಕಟ್ಟಿ ಇನ್ನಾ ಕಟ್ಟಿಲ್ರಿ. ಕಟ್ಟಿ ಇಲ್ದ ಚೀಲ ಹ್ಯಾಂಗ ಇಳಸ್ತಾರ? ತಮ್ಮಗ ಕೇಳ್ದೆ. ಕಡೀಗಿ ಕಟ್ತಾರಕ್ಕ ಅಂದ."

ಅವಳಿಗೆ ನಕ್ಷೆ ಓದಲು ಬರದಿದ್ದರೂ ನೆಲ ಓದಲು ಬಂತು. ಆಗಲಾದರೂ ನಾನು ಬಾಯಿ ಬಿಡಬಹುದಿತ್ತು.

"ಕಟ್ಟಬಹುದು" ಎಂದೆ.

ಮೊದಲ ಗಾಡಿ ಬರುವ ದಿನ ಗೊತ್ತಾಯಿತು. ಯಮನಮ್ಮ ಹಸಿರು ಖಣದ ಕುಬಸ ಹೊಲಿಸಿಕೊಂಡಿದ್ದಳು. "ನೀವೂ ಬರಬೇಕ್ರಿ ಅಣ್ಣಾರ, ಕಾಗದ ಬರದ ಕೈ ನಿಮ್ದು" ಎಂದು ಹಟ ಹಿಡಿದಳು. ಹುಷಾರಿಲ್ಲ ಎನ್ನಬಹುದಿತ್ತು. ಹೋದೆ. ಬಸ್ಸಿನಲ್ಲಿ ಅವಳು ಕಿಟಕಿಯ ಪಕ್ಕದ ಸೀಟು ನನಗೆ ಬಿಟ್ಟುಕೊಟ್ಟಳು.

ಬೇವಿನ ಮರದ ಕೆಳಗೆ ಹದಿಮೂರು ಮಂದಿ ಸೆರಗು ಸೊಂಟಕ್ಕೆ ಸಿಕ್ಕಿಸಿ, ದಬ್ಬಣ ಹಿಡಿದು ನಿಂತಿದ್ದರು. ಹನ್ನೊಂದು ಗಂಟೆಗೆ ಗಾಡಿ ಬಂತು. ಬಾಗಿಲಿಲ್ಲದ, ಹೊಟ್ಟೆ ದುಂಡಗಿನ ಕಬ್ಬಿಣದ ವ್ಯಾಗನ್ನುಗಳು. ಟೊಪ್ಪಿಗೆ ಹಾಕಿದ ಇಬ್ಬರು ಬಂದು ಒಂದು ದಪ್ಪ ಕೊಳವೆ ಸಿಕ್ಕಿಸಿ ಗುಂಡಿ ಒತ್ತಿದರು. ಗುಂಯ್ ಎಂದು ಸದ್ದಾಯಿತು. ವ್ಯಾಗನ್ನಿನ ಸಿಮೆಂಟು ಕೊಳವೆಯೊಳಗಿಂದಲೇ ಗೋಪುರಕ್ಕೆ ಏರಿತು. ಒಂದು ಮುಗಿಯಿತು, ಇನ್ನೊಂದು. ಒಂದು ಚೀಲವೂ ಇಳಿಯಲಿಲ್ಲ. ಧರ್ಮರಾಜ ಕಂಪನಿಯವರ ಜೊತೆ ಫೋಟೋ ತೆಗೆಸಿಕೊಂಡು, ಅಕ್ಕನ ಕಡೆ ತಿರುಗದೆ ಸ್ಕಾರ್ಪಿಯೋ ಹತ್ತಿ ಹೋದ.

ಹೆಂಗಸರು ಒಂದು ತಾಸು ಕಾದರು. ಮುಂದಿನ ಗಾಡಿಯಲ್ಲಿ ಚೀಲ ಬರಬಹುದು ಎಂದು ಯಾರೋ ಅಂದರು. ಅಮೃತ ಹೋಗಿ ಟೊಪ್ಪಿಗೆಯವನನ್ನು ಕೇಳಿದಳು. ಅವನು ಪಾಪ, ಬೇರೆ ಕಡೆಯವನು, ತಿಳಿಯದೆ ನಕ್ಕ. ಇಲ್ಲಿಗೆ ಚೀಲ ಬರುವುದೇ ಇಲ್ಲ, ಅದಕ್ಕೇ ಅಲ್ಲವೇ ಇದನ್ನು ಕಟ್ಟಿದ್ದು ಎಂದ.

ಅಮೃತ ವಾಪಸು ಬಂದಳು. ಬೈಯಲಿಲ್ಲ. ಒಬ್ಬೊಬ್ಬರ ಮುಂದೆ ಕೈ ಚಾಚಿ ದಬ್ಬಣ ಇಸಿದುಕೊಂಡಳು. ಹನ್ನೆರಡಾದವು, ತನ್ನದೂ ಸೇರಿ ಹದಿಮೂರು. ಯಮನಮ್ಮನ ಮುಂದೆ ಬಂದು ನಿಂತು, "ಸೆರಗ ಹಿಡಿ" ಎಂದಳು. ಯಮನಮ್ಮ ಹಿಡಿದಳು. ಅಮೃತ ಹದಿಮೂರು ದಬ್ಬಣವನ್ನು ಅದರೊಳಗೆ ಹಾಕಿದಳು.

"ಜಾಮೀನ ನಾ ಅದೀನಿ ಅಂದಿದ್ದಿ" ಎಂದಳು. ಆಮೇಲೆ ಎಲ್ಲರೂ ಕೆಳಸೇತುವೆಯ ಕಡೆ ಹೊರಟರು. ಬೇಲಿಯ ಆಚೆ ಅವರ ಓಣಿಯ ಮೊದಲ ಮನೆ ಕಾಣುತ್ತಿತ್ತು.

ವಾಪಸು ಬರುವಾಗ ಬಸ್ಸಿನಲ್ಲಿ ಯಮನಮ್ಮ ಸೆರಗಿನ ಗಂಟು ಎರಡೂ ಕೈಯಲ್ಲಿ ಹಿಡಿದುಕೊಂಡೇ ಕೂತಿದ್ದಳು.

ಅಂದೇ ಸಂಜೆ ತಮ್ಮನ ಮನೆಗೆ ಹೋದಳು. ಅವನ ಬಳಿ ಉತ್ತರ ಸಿದ್ಧವಿತ್ತು. ಮೊದಲು ಚೀಲದ್ದೇ ನಕ್ಷೆ ಇತ್ತು, ಆಮೇಲೆ ಕಂಪನಿಯವರು ಬದಲು ಮಾಡಿದರು, ನಾನೇನು ಮಾಡಲಿ ಅಕ್ಕಾ ಎಂದ. ಅವಳು ಅದನ್ನು ನಂಬಿದಳು. ನಂಬದೆ ಅವಳಿಗೆ ಗತಿಯಿರಲಿಲ್ಲ, ಯಾಕೆಂದರೆ ಅದು ಸುಳ್ಳಾದರೆ ಆ ಉಡಿಯೂ ಸುಳ್ಳು. ಮುಂದಿನ ಭಾನುವಾರ ಕಮಲಾಪುರಕ್ಕೆ ಹೋಗಿ ಓಣಿಯವರಿಗೆ ಅದನ್ನೇ ಹೇಳಿದಳು. ಯಾರೂ ಕೂಡು ಎನ್ನಲಿಲ್ಲ, ನೀರೂ ಕೊಡಲಿಲ್ಲ. ಅಮೃತ ಮಾತ್ರ, "ಹಂಗಾರ ಮೊದಲಿನ ನಕ್ಷಾ ನೋಡಿದವ್ರು ಯಾರರೇ ಇದ್ರ ಕರಕೊಂಡ ಬಾ" ಎಂದಳಂತೆ.

ಸೋಮವಾರ ನಮ್ಮ ಬೇಳೆ ಏರುವುದಿತ್ತು. ಯಮನಮ್ಮ ಹೊಲಿಯುತ್ತಿದ್ದ ಚೀಲವನ್ನು ನನ್ನ ಕುರ್ಚಿಯ ಹತ್ತಿರ ಎಳೆದು ತಂದು ಕೂತಳು. ಹಸಿರು ಕುಬಸ ಮೈಮೇಲಿರಲಿಲ್ಲ. ಕೈಯಲ್ಲಿ ಹಳೆಯ ದಬ್ಬಣ.

"ಅಣ್ಣಾರ, ಆ ದಿನ ಕಾಗದ ಬರೆಯೋ ಮುಂದ ಟೇಬಲ್ ಮ್ಯಾಲ ನಕ್ಷಾ ಇತ್ತಲ್ರಿ. ನೀವು ಇಂಗ್ಲಿಷ ಓದೋರು. ಅದರಾಗ ಚೀಲ ಇತ್ತಲ್ಲ? ಕಮಲಾಪುರಕ್ಕ ಬಂದು ಅಮೃತಗ ಅಷ್ಟ ಹೇಳ್ರಿ. ನಿಮ್ಮ ಮಾತು ನಂಬತಾಳ."

ಹೂಂ ಎಂದರೆ ಮುಗಿಯುತ್ತಿತ್ತು. ಅವಳ ತಮ್ಮ ಅವಳಿಗೆ ಉಳಿಯುತ್ತಿದ್ದ, ಉಡಿ ಉಳಿಯುತ್ತಿತ್ತು, ನಾನೂ ಉಳಿಯುತ್ತಿದ್ದೆ. ನನ್ನನ್ನು ನಂಬಿ ಇನ್ನೊಂದು ಸಲ ಅದೇ ಹದಿಮೂರು ಮನೆಯವರು ಮೋಸ ಹೋಗುತ್ತಿದ್ದರು, ಅಷ್ಟೇ. ಗೇಟಿನ ಕುರ್ಚಿಗೆ ರಾಜೇಶ್ರೀಯ ಚಿಕ್ಕಪ್ಪನ ಮಗ ಬಂದು ಕೂತು ಆಗಲೇ ವಾರವಾಗಿತ್ತು. ಅದು ನನಗೇ ಸಿಕ್ಕಿದ್ದರೆ ಅಂದು ಏನು ಹೇಳುತ್ತಿದ್ದೆನೋ, ನನ್ನ ಮೇಲೆ ನನಗೆ ಭರವಸೆಯಿಲ್ಲ.

"ಇರಲಿಲ್ಲವಾ" ಎಂದೆ. "ಮೊದಲಿಂದನೂ ಚೀಲ ಇರಲಿಲ್ಲ."

ಅವಳ ಕೈ ನಿಂತಿತು.

"ಅಂದ್ರ ಉಡಿ ತುಂಬಿಸೋ ದಿನ ಅವಗ ಗೊತ್ತಿತ್ತು."

"ಗೊತ್ತಿತ್ತು."

ಅಮೀನಾ ಆಚೆಯಿಂದ ನೋಡುತ್ತಿದ್ದಳು. ಹಮಾಲರು ಚೀಲ ಹೊತ್ತು ನಮ್ಮ ನಡುವೆಯೇ ಹಾದುಹೋಗುತ್ತಿದ್ದರು. ನನ್ನ ಎಣಿಕೆ ತಪ್ಪಿತು. ಯಮನಮ್ಮ ಬಹಳ ಹೊತ್ತು ನನ್ನ ಮುಖ ನೋಡಿದಳು. ಅವಳು ಯೋಚಿಸುತ್ತಿದ್ದುದು ತಮ್ಮನ ಬಗ್ಗೆ ಎಂದು ನಾನು ತಿಳಿದಿದ್ದೆ.

"ಎಲ್ಲಾ ಸರಿ ಅದ ಏನ್ರಿ ಅಂತ ನಾ ಕೇಳಿದ್ದೆ" ಎಂದಳು.

"ಕೇಳಿದ್ದಿ."

"ಚಹಾ ಕೊಟ್ಟು ಕೇಳಿದ್ದೆ."

ಅವಳು ಅಳಲಿಲ್ಲ, ಬೈಯಲಿಲ್ಲ. ಚೀಲದ ಹೊಲಿಗೆ ಇನ್ನೂ ನಾಲ್ಕು ಬೆರಳು ಉಳಿದಿತ್ತು. ಅದನ್ನು ಮುಗಿಸಿದಳು. ಎಂದಿನ ಹಾಗೆ ನೇರವಾಗಿತ್ತು. ಗಂಟು ಹಾಕಿ, ಸುತಳಿಯನ್ನು ಹಲ್ಲಿನಿಂದ ಕಡಿದು, ಎದ್ದು ಹೋದಳು.

ಆಮೇಲೆ ಅವಳೊಬ್ಬಳೇ ಕಮಲಾಪುರಕ್ಕೆ ಹೋಗಿ, ಹದಿಮೂರು ಮನೆಯ ಮುಂದೆಯೂ ನಿಂತು, ನನ್ನ ತಮ್ಮ ಮೋಸ ಮಾಡಿದ, ನಾನು ತಿಳಿಯದೆ ಜಾಮೀನು ನಿಂತೆ ಎಂದು ಹೇಳಿ ಬಂದಳಂತೆ. ಇದನ್ನು ನನಗೆ ಹೇಳಿದ್ದು ಅಮೀನಾ. ದಾರಿಗಾಗಿ ಅವರು ಮತ್ತೆ ಅರ್ಜಿ ಕೊಟ್ಟಿದ್ದಾರೆ. ಈ ಸಲ ಕಾಗದ ಬರೆಯಲು ನನ್ನನ್ನು ಕರೆಯಲಿಲ್ಲ. ಅಮೃತಳೇ ಬರೆದಳಂತೆ, ಮೊದಲ ಸಹಿ ಯಮನಮ್ಮನದಂತೆ. ಅದು ಏನಾಗುತ್ತದೋ ಯಾರಿಗೂ ಗೊತ್ತಿಲ್ಲ. ಹಾಕಿದ ಹಳಿಯನ್ನು ಕಿತ್ತವರನ್ನಂತೂ ನಾನು ಕಂಡಿಲ್ಲ.

ಮುಂದಿನ ಲೋಡಿಂಗಿನ ದಿನ ನಾನು ಶೆಡ್ಡಿಗೆ ಬೇಗ ಹೋದೆ. ಯಮನಮ್ಮ ಇನ್ನೂ ಬೇಗ ಬಂದು ದೂರದ ಕಂಬದ ಕೆಳಗೆ ಕೂತಿದ್ದಳು. ಚಹಾ ಹೇಳಿ ಕಳಿಸಿದೆ. ಲೋಟ ಹಾಗೇ ವಾಪಸು ಬಂತು. ಲೋಡಿಂಗ್ ಶುರುವಾಗಿ ಸ್ವಲ್ಪ ಹೊತ್ತಿನ ಮೇಲೆ ಅವಳೇ ಎದ್ದು ನನ್ನ ಕುರ್ಚಿಯ ಹತ್ತಿರ ಬಂದು, ಎಲ್ಲರ ಹಾಗೆ, ಎಲ್ಲರಷ್ಟೇ ಮರ್ಯಾದೆಯಿಂದ ಕೇಳಿದಳು.

"ಮುನೀಮರ, ಇವತ್ತ ಎಷ್ಟು ಚೀಲ ಹರದಾವ್ರಿ?"

ಹದಿನಾಲ್ಕು ಎಂದೆ.